ಮೊದಲು ತೂಕದ ಕಲ್ಲು ನೋಡು

ತಂಗೀ,

ಹೋದ ರವಿವಾರ ನೀನು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬಂದು, ಉಣಕಲ್ ಕೆರೆಯ ದಂಡೆಯ ಮೇಲೆ ಕೂತು ಒಂದು ಪ್ರಶ್ನೆ ಕೇಳಿದೆ. “ಕಾಕಾ, ಫ್ಯಾಕ್ಟರಿಯೊಳಗ ನಾಕು ವರ್ಷ ಆತು. ಈಗ ದವಾಖಾನಿಯವರು ಕರಿಯಾಕ ಹತ್ಯಾರ. ಹಿಂಗ ಒಂದು ಬಿಟ್ಟು ಒಂದು ಹಿಡದ್ರ, ನಾಳೆ ಇಕಿಗೆ ಯಾವ ದಂಧೇನೂ ಪೂರಾ ಗೊತ್ತಿಲ್ಲ ಅಂತ ಆಗೂದಿಲ್ಲೇನು?” ನಾನು ನಕ್ಕು, ಏಳು ಕೆರೆ ನೀರು ಕುಡಿದವರು ಎಲ್ಲಿದ್ದರೂ ಬದುಕುತ್ತಾರೆ ಎಂದು ಹಾರಿಸಿಬಿಟ್ಟೆ. ಅದು ಜಾರಿಕೊಳ್ಳುವ ಮಾತು. ನೀನು ಕೇಳಿದಾಗ ನನಗೆ ಒಬ್ಬ ಮನುಷ್ಯ ನೆನಪಾಗಿದ್ದ. ಅವನ ಸುದ್ದಿ ತೆಗೆಯದೆ ನಿನಗೆ ಬುದ್ಧಿ ಹೇಳುವುದು ಸರಿಯಲ್ಲ ಅನ್ನಿಸಿತು. ಅದಕ್ಕೇ ಈ ಕಾಗದ.

ಎಚ್‌.ಆರ್. ಎನ್ನುವ ನಮ್ಮ ಈ ಉದ್ಯೋಗದಲ್ಲಿ ನಾನು ಮೂವತ್ತೇಳು ವರ್ಷ ಕಳೆದೆ. ನೂಲಿನ ಗಿರಣಿ, ಮೋಟಾರು ಕಾರ್ಖಾನೆ, ಲಾರಿ ಕಂಪನಿ, ದವಾಖಾನೆ, ಕಡೆಗೆ ಸಾಫ್ಟ್‌ವೇರ್ ಕಚೇರಿ. ಏಳಿಲ್ಲದಿದ್ದರೂ ಐದು ಕೆರೆ ಆದವು. ಬಾಗಿಲ ಮೇಲಿನ ಹಲಗೆಯ ಮೇಲೆ ಮೊದಲು ಲೇಬರ್ ಆಫೀಸರ್ ಎಂದಿತ್ತು, ಆಮೇಲೆ ಪರ್ಸನಲ್ ಆಫೀಸರ್ ಆಯಿತು, ಕೊನೆಗೆ ಎಚ್‌.ಆರ್. ಹೆಡ್. ಆದರೆ ಆ ಬಾಗಿಲು ತಳ್ಳಿಕೊಂಡು ಒಳಗೆ ಬಂದವರು ಐದೂ ಕಡೆ ಹೇಳಿದ ಮಾತು ಒಂದೇ: “ಸಾಹೇಬ್ರ, ನನ್ನ ಲೆಕ್ಕ ತಪ್ಪೇತ್ರಿ.”

ನನ್ನಪ್ಪ ಹುಬ್ಬಳ್ಳಿಯ ದಲಾಲಿ ಅಂಗಡಿಯೊಂದರಲ್ಲಿ ಹತ್ತಿ ತೂಗುತ್ತಿದ್ದ. ಮಣ-ಸೇರು ಹೋಗಿ ಕಿಲೋ ಬಂದಾಗಲೂ ತಕ್ಕಡಿ ಅವನ ಕೈಯಲ್ಲೇ ಇತ್ತು. ಹೆಚ್ಚು ಶಾಲೆ ಕಲಿತವನಲ್ಲ. ನನಗೆ ಗಿರಣಿಯಲ್ಲಿ ನೌಕರಿ ಸಿಕ್ಕ ದಿನ ಅವನು ಆಡಿದ್ದು ಇಷ್ಟೇ: “ಯಾವ ಅಂಗಡಿ ಮೆಟ್ಟಲಾ ಹತ್ತಿದ್ರೂ ಮೊದಲ ತೂಕದ ಕಲ್ಲ ನೋಡು. ಮಾಲು ಆಮ್ಯಾಲ, ಮಾಲಕ ಆಮ್ಯಾಲ. ಜಗಳ ಎಲ್ಲಾ ಆ ಕಲ್ಲಿನ ಬುಡಕ ಇರ್ತಾವ.”

ನಿನಗೆ ನನ್ನ ಕಿವಿಮಾತೂ ಅದೇ. ಪ್ರತಿ ದಂಧೆಯೂ ಮನುಷ್ಯನ ದುಡಿಮೆಯನ್ನು ತನ್ನದೇ ಕಲ್ಲಿಟ್ಟು ತೂಗುತ್ತದೆ. ಗಿರಣಿ ಹಾಜರಿ ದಿನ ಎಣಿಸುತ್ತದೆ, ಕಾರ್ಖಾನೆ ನಗ ಎಣಿಸುತ್ತದೆ, ಲಾರಿ ಕಂಪನಿ ಕಿಲೋಮೀಟರು ಎಣಿಸುತ್ತದೆ. ಯಂತ್ರಗಳ ಹೆಸರು, ವಿಭಾಗಗಳ ಹೆಸರು ಆರು ತಿಂಗಳಲ್ಲಿ ಬಾಯಿಪಾಠ ಆಗುತ್ತವೆ. ಅಲ್ಲಿ ಏನನ್ನು ಎಣಿಸುತ್ತಾರೆ, ಏನನ್ನು ಎಣಿಸದೆ ಬಿಡುತ್ತಾರೆ ಎಂಬುದನ್ನು ಮಾತ್ರ ಹುಡುಕಿ ಹೋಗಿ ತಿಳಿದುಕೊಳ್ಳಬೇಕು.

ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದಿ ಗಿರಣಿ ಸೇರಿದ್ದು 1982ರಲ್ಲಿ. ಆ ವರ್ಷದ ಜನವರಿಯಲ್ಲೇ ಮುಂಬೈಯ ಗಿರಣಿ ಕಾರ್ಮಿಕರು, ಸುಮಾರು ಎರಡೂವರೆ ಲಕ್ಷ ಜನ, ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಷ್ಕರಕ್ಕೆ ಇಳಿದಿದ್ದರು. ಬೋನಸ್ಸು, ಪಗಾರದ ಜೊತೆಗೆ ‘ಬದಲಿ’ಗಳನ್ನು ಕಾಯಂ ಮಾಡಬೇಕು ಎಂಬುದೂ ಅವರ ಬೇಡಿಕೆಯಾಗಿತ್ತು. ಬದಲಿ ಎಂದರೆ ಏನೆಂದು ನಿಮ್ಮ ವಾರಿಗೆಯವರಿಗೆ ಗೊತ್ತಿರಲಿಕ್ಕಿಲ್ಲ. ಭೋಂಗಾ ಆಗುವ ಮೊದಲೇ ಬುತ್ತಿ ಹಿಡಿದು ಗೇಟಿನ ಮುಂದೆ ನಿಲ್ಲಬೇಕು. ಕಾಯಂ ನೌಕರ ಖಾಡೆ ಮಾಡಿದರೆ ಅವನ ಜಾಗಕ್ಕೆ ಇವನು. ಯಾರೂ ಖಾಡೆ ಮಾಡದಿದ್ದರೆ ಬುತ್ತಿ ಬಂದ ದಾರಿಯಲ್ಲೇ ಮನೆಗೆ.

ಆ ಗೇಟಿನ ತೂಕದ ಕಲ್ಲು 240. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದರೆ 1947ರ ಕೈಗಾರಿಕಾ ವಿವಾದ ಕಾಯ್ದೆ ಅದನ್ನು ಒಂದು ವರ್ಷದ ನಿರಂತರ ಸೇವೆ ಎಂದು ಎಣಿಸುತ್ತಿತ್ತು. ಅಷ್ಟಾದರೆ ನೌಕರಿ ತಾನಾಗಿ ಕಾಯಂ ಆಗುತ್ತದೆ ಎಂದು ಜನ ತಿಳಿದಿದ್ದರು, ಹಾಗಿರಲಿಲ್ಲ. ಆದರೆ ಆ ಗೆರೆ ದಾಟಿದವನನ್ನು ನಾಳೆ ಬರಬೇಡ ಎಂದು ಸುಮ್ಮನೆ ಕಳಿಸುವಂತಿರಲಿಲ್ಲ. ಒಂದು ತಿಂಗಳ ನೋಟಿಸು ಕೊಡಬೇಕು, ಸೇವೆಯ ವರ್ಷಕ್ಕೆ 15 ದಿನದ ಪಗಾರ ಎಣಿಸಿ ಕೊಡಬೇಕು. ಹೀಗಾಗಿ ಗಿರಣಿಗೂ ಬದಲಿಗೂ ನಡುವೆ ಇದ್ದ ಜಗಳವೆಲ್ಲ ಆ ಒಂದು ಸಂಖ್ಯೆಯ ಮೇಲೆ ನಿಂತಿತ್ತು.

ನಮ್ಮಲ್ಲಿ ಒಬ್ಬ ಬದಲಿ ಇದ್ದ. ಬೆಳಗಿನ ಪಾಳಿಗೆ ಗೇಟಿನ ಮುಂದೆ ಅವನಿಲ್ಲದ ದಿನವನ್ನು ನಾನು ಕಾಣೆ. ಮಸ್ಟರಿನಲ್ಲಿ ಅವನ ಹೆಸರಿನ ಮುಂದೆ 236 ಆದಾಗ ಮೇಲಿನವರು ಬಾಯಿಮಾತಿನಲ್ಲಿ ಹೇಳಿದರು: ನಾಳೆಯಿಂದ ಇವನನ್ನು ಒಳಗೆ ಬಿಡಬೇಡ. ನಾನು ಬಿಡಲಿಲ್ಲ. ನನಗಾಗ ಇಪ್ಪತ್ತನಾಲ್ಕು ವರ್ಷ, ಮದುವೆ ನಿಶ್ಚಯವಾಗಿತ್ತು, ಮನೆಯಲ್ಲಿ ನನ್ನ ಪಗಾರವೇ ದೊಡ್ಡದು. ಇವನ್ನೆಲ್ಲ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ.

ಮೋಟಾರು ಕಾರ್ಖಾನೆಯಲ್ಲಿ ಲೆಕ್ಕ ನಗದ ಮೇಲೆ. ಪಾಳಿಗೆ ಇಷ್ಟು ಕಾಯಿಲ್ ಸುತ್ತಬೇಕು ಎಂಬ ನಾರ್ಮು. ಅದರ ಮೇಲೆ ಸುತ್ತಿದ್ದಕ್ಕೆ ಇನ್ಸೆಂಟಿವ್. ಟೈಮ್ ಸ್ಟಡಿಯವರು ವೈಂಡಿಂಗ್ ವಿಭಾಗದಲ್ಲಿ ಗಡಿಯಾರ ಹಿಡಿದು ಒಂದು ವಾರ ನಿಂತು ನಾರ್ಮು ಕಟ್ಟಿದರು. ಅದೇ ಆಧಾರದ ಮೇಲೆ ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನವಾಗಿ, ನಮ್ಮವರ ಬಾಯಲ್ಲಿ ‘ಟ್ವೆಲ್ವ್ ತ್ರೀ’ ಎನ್ನುವ ಒಪ್ಪಂದಕ್ಕೆ ಸಹಿ ಬಿತ್ತು. ಮೂರು ವರ್ಷದ ಒಪ್ಪಂದ. ಬರೆದವನು ನಾನು, ಎಲ್ಲರೂ ಬೆನ್ನು ತಟ್ಟಿದರು. ಮೂರು ತಿಂಗಳಿಗೆ ಇನ್ನೊಂದು ಕಡೆ ಹೆಚ್ಚು ಪಗಾರ ಸಿಕ್ಕಿತೆಂದು ಬಿಟ್ಟು ಹೋದೆ. ನನಗೆ ಹೊಳೆಯದೇ ಹೋದದ್ದು ಏನೆಂದರೆ, ಗಡಿಯಾರ ಹಿಡಿದು ನಿಂತದ್ದು ಡಿಸೆಂಬರಿನಲ್ಲಿ. ಏಪ್ರಿಲ್ ಬಂತು, ತಗಡಿನ ಶೆಡ್ಡು ಕಾದು ಹಂಚಾಯಿತು, ಬೆವತ ಕೈಯಿಂದ ತಂತಿ ಜಾರಿತು, ನಾರ್ಮು ತಪ್ಪಿತು. ಆ ಬೇಸಿಗೆಯ ಜಗಳವನ್ನೆಲ್ಲ ನನ್ನ ಜಾಗಕ್ಕೆ ಬಂದ ಹುಡುಗ ಉಂಡ.

ಹಾಗಾದರೆ ಎಷ್ಟು ವರ್ಷಕ್ಕೆ ಜಾಗ ಬದಲಿಸಬೇಕು ಎಂದರೆ, ನನಗೆ ಗೊತ್ತಿರುವ ಅಳತೆ ಇದೊಂದೇ: ನೀನು ಬರೆದ ನಿಯಮ ಒಂದು ಪೂರ್ತಿ ಅವಧಿ ನಡೆಯುವುದನ್ನು ಅಲ್ಲೇ ಕೂತು ನೋಡು. ಒಪ್ಪಂದವಾದರೆ ಅದು ಮುಗಿಯುವತನಕ, ಬಡ್ತಿಯ ಪದ್ಧತಿಯಾದರೆ ಎರಡು ಬಡ್ತಿಯ ಸುತ್ತಿನತನಕ. ನಾವು ಮಾಡಿದ ಅಡಿಗೆಯನ್ನು ನಾವೂ ಉಣ್ಣಬೇಕು. ಅಷ್ಟಾದ ಮೇಲೆ ನಾಲ್ಕು ವರ್ಷಕ್ಕೆ ಬಿಟ್ಟರೂ ಯಾರೂ ನಿನ್ನನ್ನು ಜಿಗಿಯುವವಳು ಎನ್ನಲಾರರು.

ಮೂರನೆಯದು ಲಾರಿ ಕಂಪನಿ, ಇಪ್ಪತ್ತು ಗಾಡಿಯ ಸಣ್ಣ ಸಂಸಾರ. ಅಲ್ಲಿಗೆ ಹೋದಾಗ ಡ್ರೈವರುಗಳ ಪಗಾರದಲ್ಲಿ ತಿಂಗಳಾ ‘ಡೀಸಲ್ ಕಡಿತ’ ಇರುತ್ತಿತ್ತು. ಲೀಟರಿಗೆ ಇಷ್ಟು ಕಿಲೋಮೀಟರು ಆವರೇಜ್ ಬರಬೇಕು, ಕಡಿಮೆ ಬಿದ್ದರೆ ಡೀಸಲ್ ಮಾರಿಕೊಂಡಿದ್ದಾನೆ ಎಂದೇ ಲೆಕ್ಕ. ಒಬ್ಬ ಹಿರಿಯ ಡ್ರೈವರ್ ನನ್ನ ಮೇಜಿನ ಮುಂದೆ ನಿಂತು ಹೇಳಿದ: “ಸಾಹೇಬ್ರ, ಡೀಸಲ್ ನಾ ಕುಡದಿಲ್ರೀ, ಘಟ್ಟ ಕುಡದೈತಿ.” ಆ ವಾರ ನಾನು ಅವನ ಕ್ಯಾಬಿನ್ನಿನಲ್ಲಿ ಕೂತು ಅಂಕೋಲೆಗೆ ಹೋಗಿ ಬಂದೆ. ಇಳಿಯುವಾಗ ಏನೂ ತಿಳಿಯಲಿಲ್ಲ. ವಾಪಸು ಬರುವಾಗ, ತುಂಬಿದ ಗಾಡಿ ಅರಬೈಲ್ ಘಟ್ಟವನ್ನು ಮೊದಲ ಎರಡು ಗೇರಿನಲ್ಲೇ ಏದುಸಿರು ಬಿಡುತ್ತ ಹತ್ತಿದಾಗ ತಿಳಿಯಿತು. ವಿಜಯಪುರದ ಸಪಾಟ ರಸ್ತೆಗೂ ಈ ಘಟ್ಟಕ್ಕೂ ಕಂಪನಿ ಒಂದೇ ಆವರೇಜ್ ಇಟ್ಟಿತ್ತು. ದಾರಿಗೊಂದು ಆವರೇಜ್ ಕಟ್ಟಿದೆವು. ಡೀಸಲ್ ಕಳವು ಪೂರಾ ನಿಂತಿತು ಎಂದು ಸುಳ್ಳು ಹೇಳಲಾರೆ. ಆದರೆ ಕಳ್ಳ ಯಾರು, ಘಟ್ಟ ಯಾವುದು ಎಂದು ಬೇರೆ ಬೇರೆಯಾಗಿ ಕಾಣತೊಡಗಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ತಾಸಿನ ದುಡಿಮೆ ಎಂದು ಬರೆದದ್ದನ್ನು ನಾನು ಓದಿಕೊಂಡಿದ್ದೆ. ಘಟ್ಟವನ್ನು ಓದಿರಲಿಲ್ಲ.

ಈಗ ನೀನು ಹೊರಟಿರುವ ಜಾಗ, ದವಾಖಾನೆ. ಇಲ್ಲಿ ಸ್ವಲ್ಪ ನಿಂತು ಕೇಳು.

ದವಾಖಾನೆಯಲ್ಲಿ ಎಲ್ಲರೂ ಹಾಸಿಗೆ ಎಣಿಸುತ್ತಾರೆ: ಇಷ್ಟು ಹಾಸಿಗೆಗೆ ಇಷ್ಟು ಸಿಸ್ಟರು. ಡ್ಯೂಟಿ ರಿಜಿಸ್ಟರಿನಲ್ಲಿ ಎಂಟು ತಾಸು ಎಂದು ಇರುತ್ತದೆ. ನಾನು ಕೆಲಸ ಮಾಡಿದ ಕಡೆ ಸಿಸ್ಟರುಗಳು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು. ಪಗಾರ ಬೇರೆಯವರಿಗಿಂತ ಕಡಿಮೆ ಇರಲಿಲ್ಲ. ಕಾರಣ ಕೇಳಿದರೆ ಮನೆ ಕಡೆ ತೊಂದರೆ ಎನ್ನುತ್ತಿದ್ದರು. ಒಂದು ರಾತ್ರಿ ವಾರ್ಡಿನಲ್ಲೇ ಕೂತೆ. ಬೆಳಿಗ್ಗೆ ಪಾಳಿ ಬದಲಾಗುವಾಗ ರಾತ್ರಿಯ ಸಿಸ್ಟರ್ ಬೆಳಗಿನವಳಿಗೆ ಪ್ರತಿ ರೋಗಿಯ ವಿಷಯ ಒಪ್ಪಿಸಬೇಕು: ಯಾರಿಗೆ ಯಾವ ಔಷಧ ಆಯಿತು, ಯಾರ ಸಲೈನ್ ಎಷ್ಟು ಉಳಿಯಿತು, ಯಾರ ಮನೆಯವರಿಗೆ ಏನು ಹೇಳಿದೆ. ಅದಕ್ಕೆ ಅರ್ಧ ತಾಸು ಬೇಕೇ ಬೇಕು. ಅದನ್ನು ಬಿಟ್ಟು ಓಡಿದರೆ ರೋಗಿಗೆ ಅಪಾಯ. ಆ ಅರ್ಧ ತಾಸು ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ. ವಾರಕ್ಕೆ ಆರು ದಿನವಾದರೆ ಮೂರು ತಾಸು, ತಿಂಗಳಿಗೆ ಹನ್ನೆರಡು ತಾಸು. ಒಂದೂವರೆ ದಿನದ ದುಡಿಮೆ ತೂಕಕ್ಕೇ ಬರದೆ ಹೋಗುತ್ತಿತ್ತು. ದುಡ್ಡಿಗಿಂತ ಹೆಚ್ಚಾಗಿ, ತಾವು ಅತ್ಯಂತ ಜವಾಬ್ದಾರಿಯಿಂದ ಮಾಡುವ ಕೆಲಸ ಆಡಳಿತದ ಕಣ್ಣಿಗೆ ಕೆಲಸವೇ ಅಲ್ಲ ಎಂಬುದು ಅವರನ್ನು ನೋಯಿಸಿತ್ತು. ಪಾಳಿಗಳನ್ನು ಅರ್ಧ ತಾಸು ಒಂದರ ಮೇಲೊಂದು ಬರುವಂತೆ ಜೋಡಿಸಿ, ಅದನ್ನು ಡ್ಯೂಟಿಯಲ್ಲೇ ಎಣಿಸಲು ಒಂದು ವರ್ಷ ಹಿಡಿಯಿತು.

ನೀನೂ ಸೇರಿದ ತಿಂಗಳಲ್ಲೇ ಒಂದು ರಾತ್ರಿ ಮೂರು ಗಂಟೆಗೆ ವಾರ್ಡು ಸುತ್ತು. ಆಯಾಗಳು ಎಲ್ಲಿ ಕೂಡುತ್ತಾರೆ, ರಾತ್ರಿ ಡ್ಯೂಟಿ ಮುಗಿಸಿದವರನ್ನು ಹಾಸ್ಟೆಲ್ಲಿನತನಕ ಯಾರು ಬಿಡುತ್ತಾರೆ, ಕುಡಿದು ಬಂದ ರೋಗಿಯ ಕಡೆಯವರು ಕೂಗಾಡಿದರೆ ಸಿಸ್ಟರ್ ಯಾರನ್ನು ಕರೆಯಬೇಕು, ನೋಡಿ ಬರೆದುಕೋ. ಹತ್ತು ಮಂದಿ ನೌಕರರಿರುವ ಜಾಗದಲ್ಲೆಲ್ಲ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು. ಅದು ಗೋಡೆಯ ಮೇಲಿನ ಕಾಗದದಲ್ಲಷ್ಟೇ ಇದೆಯೋ, ಅದರ ಸದಸ್ಯರ ಹೆಸರು ರಾತ್ರಿ ಪಾಳಿಯ ಆಯಾಗೂ ಗೊತ್ತಿದೆಯೋ ಕೇಳು. ಹೆರಿಗೆ ರಜೆ 2017ರಲ್ಲಿ 26 ವಾರವಾಯಿತು. ಐವತ್ತು ಮಂದಿ ಇದ್ದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಬೇಕೆಂದಾಯಿತು. ರೋಗಿಗಳ ಮಕ್ಕಳಿಗೆ ಆಟಿಕೆ ಇಡುವ ದವಾಖಾನೆ ಸಿಸ್ಟರುಗಳ ಮಕ್ಕಳನ್ನು ಮರೆತುಬಿಟ್ಟಿರುತ್ತದೆ, ಕೆಲವು ಸಲ.

ಕಡೆಯ ಕೆರೆ ಸಾಫ್ಟ್‌ವೇರ್. ಅಲ್ಲಿ ಹುಡುಗರು ‘ಸಿಟಿಸಿ’ ಎಂಬ ಒಂದೇ ಸಂಖ್ಯೆಯನ್ನು ನೋಡಿ ಸೇರುತ್ತಿದ್ದರು. ಮೊದಲ ತಿಂಗಳ ಪಗಾರ ಕೈಗೆ ಬಂದಾಗ ಮುಖ ಸಣ್ಣದಾಗುತ್ತಿತ್ತು. ಆ ಸಂಖ್ಯೆಯೊಳಗೆ ಕಂಪನಿ ಕಟ್ಟುವ ಪಿ.ಎಫ್. ಇರುತ್ತದೆ, ಗ್ರಾಚುಯಿಟಿ ಎಂದು 4.81 ಪ್ರತಿಶತವೂ ಇರುತ್ತದೆ. ಈ 4.81 ಎಲ್ಲಿಂದ ಬಂತು ಎಂದು ನೂರು ಮಂದಿಗೆ ಕೇಳಿದ್ದೇನೆ, ಎಚ್‌.ಆರ್.ನವರೇ ಹೇಳಲಾರರು. ವರ್ಷಕ್ಕೆ 15 ದಿನದ ಮೂಲ ಪಗಾರ, ತಿಂಗಳಿಗೆ 26 ದಿನದ ಲೆಕ್ಕ. ಹದಿನೈದನ್ನು ಇಪ್ಪತ್ತಾರರಿಂದ ಭಾಗಿಸಿ, ಮತ್ತೆ ಹನ್ನೆರಡರಿಂದ ಭಾಗಿಸಿ ನೋಡು. 1972ರ ಕಾಯ್ದೆಯಂತೆ ಅದು ಕೈಗೆ ಬರಬೇಕಾದರೆ ಐದು ವರ್ಷ ಇರಬೇಕಿತ್ತು. ಮೂರು ವರ್ಷಕ್ಕೆ ಬಿಡುವ ಹುಡುಗನಿಗೆ ಅದು ಕಾಗದದ ಮೇಲಿನ ರೊಕ್ಕ. ಸೇರುವ ದಿನವೇ ಇದನ್ನು ಬಿಡಿಸಿ ಹೇಳಲು ಶುರು ಮಾಡಿದೆ. ಕೆಲವರು ಸೇರದೇ ಹೋದರು. ಸೇರಿದವರು ನನ್ನ ಮಾತನ್ನು ಆಮೇಲೆ ಎಂದೂ ಎರಡನೇ ಸಲ ಪರೀಕ್ಷಿಸಲಿಲ್ಲ.

ನಿನ್ನ ಕೈಯಲ್ಲಿರುವ ಕಾಯ್ದೆ ಪುಸ್ತಕ ನನ್ನದಲ್ಲ. ನಾನು ಅರೆದು ಕುಡಿದ ಕಾಯ್ದೆಗಳೂ ಸೇರಿ 29 ಕಾಯ್ದೆಗಳು ನಾಲ್ಕು ಸಂಹಿತೆಗಳಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದವು. ನಿಗದಿತ ಅವಧಿಗೆ ಸೇರಿದವರಿಗೆ ಈಗ ಒಂದೇ ವರ್ಷಕ್ಕೆ ಗ್ರಾಚುಯಿಟಿಯ ಹಕ್ಕು ಇದೆ. ಭತ್ಯೆಗಳನ್ನು ಅರ್ಧಕ್ಕಿಂತ ಹೆಚ್ಚು ಉಬ್ಬಿಸಿ ಮೂಲ ಪಗಾರವನ್ನು ಕುಗ್ಗಿಸುವ ಹಳೆಯ ಆಟವೂ ನಡೆಯುವುದಿಲ್ಲ. ಹಳಬರೆಲ್ಲ ಮತ್ತೆ ಒಂದನೇ ಇಯತ್ತೆಗೆ ಬಂದಿದ್ದೇವೆ. ಅದು ನಿನಗೆ ಅನುಕೂಲ. ಕೂತು ಓದು.

ನೇಮಕಾತಿಯಲ್ಲೂ ಒಂದು ತಕ್ಕಡಿ ಇದೆ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಹೋಗಿದ್ದ ಹುಡುಗಿಯೊಬ್ಬಳು 1974ರಲ್ಲಿ ಟೆಲ್ಕೊ ಕಂಪನಿಯ ಜಾಹೀರಾತು ನೋಡಿದಳು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದು ಅದರಲ್ಲಿತ್ತು. ಅವಳು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದಳು; ಸಂದರ್ಶನಕ್ಕೆ ಕರೆ ಬಂತು; ಕೆಲಸವೂ ಸಿಕ್ಕಿತು. ಸುಧಾ ಮೂರ್ತಿಯವರ ಈ ಕಥೆ ನಿನಗೆ ಗೊತ್ತಿದ್ದದ್ದೇ. ಎಲ್ಲರೂ ಪೋಸ್ಟ್‌ಕಾರ್ಡ್ ಬರೆದವಳನ್ನು ನೆನೆಯುತ್ತಾರೆ. ನಮ್ಮ ಕಸುಬಿನವನಾದ ನಾನು ಆ ಜಾಹೀರಾತಿನ ಸಾಲು ಬರೆದವನನ್ನು ನೆನೆಯುತ್ತೇನೆ. ಅವನು ಕೆಟ್ಟವನಿರಲಿಕ್ಕಿಲ್ಲ. ಹಿಂದಿನ ಜಾಹೀರಾತು ನೋಡಿ ನಕಲು ಮಾಡಿರಬೇಕು. ಅದೇ ಕಂಪನಿ ಮುಂದೆ ಟಾಟಾ ಮೋಟರ್ಸ್ ಎಂದು ಹೆಸರಾಗಿ ಧಾರವಾಡಕ್ಕೂ ಬಂತು. ಹಿಂದಿನ ಫೈಲು ನೋಡಿ ಜಾಹೀರಾತು ಬರೆಯುವಾಗ ಪ್ರತಿ ಷರತ್ತಿಗೂ ‘ಇದು ಯಾಕೆ?’ ಎಂದು ಒಮ್ಮೆ ಕೇಳಿಕೋ.

ಇನ್ನು ವಶೀಲಿ. ‘ನಮ್ಮ ಹುಡುಗನ್ನ ನೌಕರಿಗೆ ಹಚ್ರೀ’ ಎಂದು ಬೀಗರು, ಮಠದವರು, ಓಣಿಯ ಹಿರಿಯರು ಮನೆಗೆ ಬರುತ್ತಾರೆ. ನೀನು ಹೆಣ್ಣುಮಗಳೆಂದು ನಿಮ್ಮಪ್ಪನ ಮೂಲಕ ಬರುತ್ತಾರೆ. ಬಂದವರಿಗೆ ಚಹಾ ಕೊಡು, ಅರ್ಜಿ ಎಲ್ಲಿ ಹಾಕಬೇಕೆಂದು ಹೇಳಿಕೊಡು, ಅಲ್ಲಿಗೆ ನಿಲ್ಲಿಸು. ಒಂದು ಮಾತು ನೆನಪಿಡು: ನಾವು ಕೂಡುವ ಈ ಕುರ್ಚಿ ಹುಟ್ಟಿದ್ದೇ ವಶೀಲಿ ಮುರಿಯಲು. ಹಿಂದೆ ಗಿರಣಿಗಳಲ್ಲಿ ನೇಮಕಾತಿ ಜಾಬರನ ಕೈಯಲ್ಲಿತ್ತು. ಅವನ ಕೈ ಬಿಸಿ ಮಾಡದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಅದನ್ನು ತಪ್ಪಿಸಲು ಲೇಬರ್ ಆಫೀಸರುಗಳನ್ನು ಇಡಬೇಕೆಂದು ಕಾರ್ಮಿಕರ ಕುರಿತ ರಾಯಲ್ ಕಮಿಷನ್ 1931ರಲ್ಲಿ ಹೇಳಿತು. 1948ರ ಕಾರ್ಖಾನೆ ಕಾಯ್ದೆ 500 ಕಾರ್ಮಿಕರಿದ್ದಲ್ಲಿ ವೆಲ್ಫೇರ್ ಆಫೀಸರ್ ಇರಲೇಬೇಕು ಎಂದಿತು. ಆ ಕುರ್ಚಿಯಲ್ಲಿ ಕೂತು ನಾವೇ ಜಾಬರ್ ಆಗಬಾರದು.

ಮತ್ತೆ ನಿನ್ನ ಪ್ರಶ್ನೆಗೆ ಬರುತ್ತೇನೆ. ದಂಧೆ ಬದಲಿಸಲು ನಮ್ಮ ಅವಳಿ ನಗರದಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ರೈಲ್ವೆ ಕಾರ್ಖಾನೆ, 1997ರಲ್ಲಿ ಆದ ವಾಯವ್ಯ ಸಾರಿಗೆ ಸಂಸ್ಥೆ, 2003ರಲ್ಲಿ ಬಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ರಾಷ್ಟ್ರಧ್ವಜ ಹೊಲಿಯುವ ಬೆಂಗೇರಿಯ ಖಾದಿ ಸಂಘ, ಅಮರಗೋಳದ ಎ.ಪಿ.ಎಂ.ಸಿ., ಬೇಲೂರಿನ ಕಾರ್ಖಾನೆಗಳು, ದವಾಖಾನೆಗಳು, ಕಾಲೇಜುಗಳು, ಎಲ್ಲವೂ ಒಂದು ಬಸ್ಸಿನ ದೂರದಲ್ಲಿವೆ. ಸಂದರ್ಶನದಲ್ಲಿ ‘ನಮ್ಮ ಇಂಡಸ್ಟ್ರಿ ನಿಮಗೆ ಹೊಸದಲ್ಲವೇ?’ ಎಂದು ಕೇಳಿಯೇ ಕೇಳುತ್ತಾರೆ. ಹೌದು, ಹೊಸದು ಎಂದು ಒಪ್ಪಿಕೋ. ಆಮೇಲೆ, ಸೇರಿದ ಮೊದಲ ತಿಂಗಳು ನಾನು ಮೂರೂ ಪಾಳಿಯಲ್ಲಿ ಕೂಡುತ್ತೇನೆ, ಹಾಜರಿ ಬರೆಯುವವರ ಹತ್ತಿರ ಲೆಕ್ಕ ಕಲಿಯುತ್ತೇನೆ ಎಂದು ಹೇಳು. ಎದುರಿಗೆ ಕೂತವರಿಗೆ ಅದು ಹಿಡಿಸದಿದ್ದರೆ ಆ ನೌಕರಿ ನಿನಗೆ ಬೇಡ.

ಮೇಲಿನವರು ತಪ್ಪು ಕೆಲಸವನ್ನು ಬಾಯಿಮಾತಿನಲ್ಲಿ ಹೇಳುತ್ತಾರೆ. ಆಗ ಸಿಟ್ಟಾಗಬೇಡ, ಉಪದೇಶ ಮಾಡಬೇಡ. “ಸರ್, ಇದನ್ನು ಒಂದು ಸಾಲು ಬರೆದು ಕೊಡ್ತೀರಾ?” ಎಂದು ಮೆತ್ತಗೆ ಕೇಳು. ಮೋಟಾರು ಕಾರ್ಖಾನೆಯಿಂದ ಈಚೆಗೆ ನಾನು ಹಾಗೆ ಕೇಳಿದ್ದು ಏಳೆಂಟು ಸಲ. ಬರೆದು ಕೊಟ್ಟದ್ದು ಒಮ್ಮೆ ಮಾತ್ರ. ಆಗ ನಾನು ನೌಕರಿ ಬಿಟ್ಟೆ. ಗಿರಣಿಯಲ್ಲಿ ನನಗೆ ಈ ಒಂದು ವಾಕ್ಯ ಗೊತ್ತಿರಲಿಲ್ಲ.

ಆ ಬದಲಿ ಮನುಷ್ಯ ಹದಿನೈದು ವರ್ಷದ ಮೇಲೆ ನನಗೆ ದುರ್ಗದ ಬೈಲಿನಲ್ಲಿ ಸಿಕ್ಕ. ಗಾಡಿ ಹಚ್ಚಿ ಮಿರ್ಚಿ ಕರಿಯುತ್ತಿದ್ದ. ಗುರುತು ಹಿಡಿದದ್ದು ಅವನೇ. ಆರಾಮ ಕೇಳಿದ, ಎರಡು ಮಿರ್ಚಿ ಕಾಗದದಲ್ಲಿ ಕಟ್ಟಿಕೊಟ್ಟ, ರೊಕ್ಕ ಎಣಿಸಿ ತೆಗೆದುಕೊಂಡ. ನಾನು ಹೊರಟಾಗ, ಎಣ್ಣೆಯ ಮೇಲಿನ ಕಣ್ಣು ತೆಗೆಯದೆ ಹೇಳಿದ: “ಇನ್ನ ನಾಕ ದಿನಾ ಇತ್ತಲ್ರೀ ಸಾಹೇಬ್ರ, ಆವಾಗ. ನಮ್ಮಾಕಿ ಗ್ವಾಡಿ ಮ್ಯಾಲ ಗೀಟ ಹಾಕಿ ಎಣಸ್ತಿದ್ಲರೀ.” ಲೆಕ್ಕ ಮಸ್ಟರಿನಲ್ಲಿ ಮಾತ್ರ ಇದೆ ಎಂದು ನಾನು ತಿಳಿದಿದ್ದೆ.

ದವಾಖಾನೆಗೆ ಹೋಗು ತಂಗೀ. ಸೇರಿದ ಮೇಲೆ ಒಂದು ವಾರಕ್ಕೆ ಫೋನ್ ಮಾಡು. ಪಗಾರ ಎಷ್ಟು, ಊಟದ ವ್ಯವಸ್ಥೆ ಹೇಗೆ ಎಂದು ನಿನ್ನ ಕಾಕು ಕೇಳಿಕೊಳ್ಳುತ್ತಾಳೆ. ನನಗೆ ಇಷ್ಟು ಹೇಳಿದರೆ ಸಾಕು: ರಾತ್ರಿ ಪಾಳಿಯ ಸಿಸ್ಟರುಗಳು ಬೆಳಿಗ್ಗೆ ಖರೇನ ಎಷ್ಟು ಗಂಟೆಗೆ ಮನೆಗೆ ಹೊರಟರು?

ನಿನ್ನ ಕಾಕಾ